‘ಅನನ್ಯ’ವೋ ‘ಅನನ್ಯಾ’ವೋ: ಹೆಸರು ಹುಡುಕಿಕೊಡುವ ಆಪ್‌ಗಳನ್ನು ಒರೆಗೆ ಹಚ್ಚಿದರೆ

ಮಗಳಿಗೆ ಹೆಸರು ಹುಡುಕುವುದರಲ್ಲಿ ಎರಡು ಘಟ್ಟಗಳಿವೆ. ಸಾವಿರ ಹೆಸರಿನಿಂದ ಹತ್ತಕ್ಕೆ ಇಳಿಯುವುದು ಮೊದಲನೆಯದು. ಹತ್ತರಿಂದ ಒಂದಕ್ಕೆ ಬಂದೆವು ಎಂದು ಉಸಿರು ಬಿಡುವಾಗ ಆ ಒಂದೇ ಎರಡಾಗಿ ಎದುರು ನಿಲ್ಲುವುದು ಎರಡನೆಯದು. ಅನನ್ಯ, ಅನನ್ಯಾ. ಶ್ರುತಿ, ಶೃತಿ. ಇಶಾ, ಈಶಾ. ಅಥವಾ ಸೋಫಿಯಾ ಎಂದು ಇಬ್ಬರೂ ಒಪ್ಪಿ, ಇಂಗ್ಲಿಷಿನಲ್ಲಿ ಬರೆಯಹೊರಟಾಗ ಒಬ್ಬರು ಎಫ್ ಎಂದು, ಇನ್ನೊಬ್ಬರು ಪಿಎಚ್ ಎಂದು ಪಟ್ಟು ಹಿಡಿಯುವುದು.

ಹೆಸರಿನ ಆಪ್‌ಗಳು, ಪಟ್ಟಿಯ ಜಾಲತಾಣಗಳು, ಸಂಖ್ಯಾಶಾಸ್ತ್ರದ ಕ್ಯಾಲ್ಕುಲೇಟರ್‌ಗಳು ಎಲ್ಲವೂ ಮೊದಲ ಘಟ್ಟಕ್ಕೆಂದೇ ತಯಾರಾದ ಸರಕು. ಎರಡನೆಯ ಘಟ್ಟದಲ್ಲಿ ಅವು ಎಷ್ಟು ಕೆಲಸಕ್ಕೆ ಬರುತ್ತವೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ತೀರ್ಪು ಮೊದಲೇ ಹೇಳಿಬಿಡಬಹುದು: ಆಪ್‌ಗೆ ಐದಕ್ಕೆ ಒಂದೂವರೆ, ಸಂಖ್ಯಾಶಾಸ್ತ್ರದ ಪುಟಕ್ಕೆ ಸೊನ್ನೆ, ಹಳೆಯ ನಿಘಂಟಿಗೆ ನಾಲ್ಕು. ಇವೆಲ್ಲಕ್ಕಿಂತ ಚೆನ್ನಾಗಿ ತೀರ್ಪು ಕೊಡುವುದು ಕನ್ನಡದ ವಿಭಕ್ತಿ ಪ್ರತ್ಯಯ. ಅದಕ್ಕೆ ಡೌನ್‌ಲೋಡೂ ಬೇಡ, ಚಂದಾವೂ ಬೇಡ.

ಮೊದಲು ಆಪ್‌ಗಳನ್ನು ನೋಡೋಣ. ಹೆಚ್ಚಿನವುಗಳ ನಡೆ ಒಂದೇ: ಒಂದೊಂದು ಹೆಸರೂ ಒಂದೊಂದು ಕಾರ್ಡು, ಇಷ್ಟವಾದರೆ ಬಲಕ್ಕೆ ಸರಿಸಿ, ಇಲ್ಲವಾದರೆ ಎಡಕ್ಕೆ. ಗಂಡ ಹೆಂಡತಿ ಇಬ್ಬರ ಫೋನನ್ನೂ ಜೋಡಿಸಿದರೆ, ಇಬ್ಬರೂ ಬಲಕ್ಕೆ ಸರಿಸಿದ ಹೆಸರು ‘ಹೊಂದಿಕೆ’ ಎಂದು ಬರುತ್ತದೆ. ಮೊದಲ ಘಟ್ಟಕ್ಕೆ ಇದು ನಿಜಕ್ಕೂ ಒಳ್ಳೆಯ ಉಪಾಯ. ಆದರೆ ಈ ಏರ್ಪಾಟಿನಲ್ಲಿ ಕಾಗುಣಿತ ಬದಲಾದರೆ ಹೆಸರೇ ಬದಲಾದಂತೆ. ಒಬ್ಬರು ತನ್ವಿಗೆ ಬಲ, ಇನ್ನೊಬ್ಬರು ತಾನ್ವಿಗೆ ಬಲ ಎಂದಿದ್ದರೆ ಆಪ್ ಪಾಲಿಗೆ ಇಬ್ಬರ ರುಚಿಯೂ ಬೇರೆ. ಮನಸ್ಸು ಹೆಚ್ಚುಕಡಿಮೆ ಒಂದೇ ಆಗಿದ್ದರೂ ಹೊಂದಿಕೆ ಬರುವುದಿಲ್ಲ. ಹೀಗಾಗಿ ಆಪ್ ಬಳಸುವವರು ಹೊಂದಿಕೆಯ ಪಟ್ಟಿಯನ್ನಷ್ಟೇ ನಂಬದೆ, ಇಬ್ಬರ ಇಷ್ಟದ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು.

ಎರಡನೆಯ ತೊಡಕು ಇನ್ನೂ ಆಳದ್ದು. ಬಹಳಷ್ಟು ಆಪ್‌ಗಳು ಹೆಸರನ್ನು ರೋಮನ್ ಲಿಪಿಯಲ್ಲೇ ಇಟ್ಟುಕೊಂಡು, ಕೇಳಿದಾಗ ಅದನ್ನು ಕನ್ನಡಕ್ಕೆ ತಿರುಗಿಸಿ ತೋರಿಸುತ್ತವೆ. ರೋಮನ್ನಿನಲ್ಲಿ ‘ಅ’ಕ್ಕೂ ‘ಆ’ಕ್ಕೂ ಒಂದೇ ಎ, ತಕಾರ ಟಕಾರ ಎರಡಕ್ಕೂ ಒಂದೇ ಟಿ, ನಕಾರ ಣಕಾರ ಎರಡಕ್ಕೂ ಒಂದೇ ಎನ್. ಅಂದರೆ ನೀವು ಕೂದಲೆಳೆಯಷ್ಟು ವ್ಯತ್ಯಾಸವನ್ನು ತೂಗುತ್ತಿರುವ ಜಾಗದಲ್ಲಿ ಆಪ್ ಬಳಿ ತಕ್ಕಡಿಯೇ ಇಲ್ಲ. ವೀಣಾ ಎಂದು ಹುಡುಕಿದರೆ ವೀನಾ ಬರಬಹುದು, ಅನನ್ಯಾ ಎಂದರೆ ಅನನ್ಯ. ಅದು ತೋರಿಸುವ ಕನ್ನಡ ರೂಪ ಯಾರೋ ತಿಳಿದವರು ಕೂತು ತೀರ್ಮಾನಿಸಿದ್ದಲ್ಲ, ಯಂತ್ರದ ಊಹೆ.

ಅರ್ಥದ ಖಾನೆಯ ಪಾಡೂ ಅಷ್ಟೆ. ಅರ್ಥ ಸಿಗದ ಹೆಸರಿಗೆಲ್ಲ ಯಾವುದಾದರೊಂದು ದೇವಿಯ ಹೆಸರು ಅಂಟಿಸುವುದು ಈ ಪಟ್ಟಿಗಳ ಹಳೆಯ ಚಾಳಿ. ಒಂದು ಪಟ್ಟಿಯಿಂದ ಇನ್ನೊಂದು ನಕಲು ಮಾಡುವುದರಿಂದ ಹತ್ತು ಕಡೆ ಒಂದೇ ಅರ್ಥ ಕಂಡಿತು ಎಂದ ಮಾತ್ರಕ್ಕೆ ಹತ್ತು ಸಾಕ್ಷಿ ಸಿಕ್ಕಂತಲ್ಲ, ಒಂದೇ ಸಾಕ್ಷಿ ಹತ್ತು ಸಲ ಬಂದಂತೆ.

ನಿಘಂಟು ಗೆಲ್ಲುವುದು ಇಲ್ಲಿಯೇ. ಸಂಸ್ಕೃತ ಮೂಲದ ಹೆಸರಾದರೆ 1899ರ ಮೊನಿಯರ್ ವಿಲಿಯಮ್ಸ್ ನಿಘಂಟು, ಕನ್ನಡಕ್ಕೆ ಬಂದ ರೂಪ ನೋಡಲು 1894ರ ಕಿಟೆಲ್ ನಿಘಂಟು ಸಾಕು. ಎರಡೂ ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಬಳಸುವ ಬಗೆ ಗೊತ್ತಿರಬೇಕು, ಇಲ್ಲದಿದ್ದರೆ ‘ಈ ಪದವೇ ಇಲ್ಲ’ ಎಂಬ ತಪ್ಪು ಉತ್ತರ ಹಿಡಿದುಕೊಂಡು ಬರುತ್ತೀರಿ. ಸಂಸ್ಕೃತ ನಿಘಂಟಿನಲ್ಲಿ ಅನನ್ಯದಂಥ ವಿಶೇಷಣಗಳು ಅಕಾರಾಂತವಾಗಿಯೇ ಇರುತ್ತವೆ, ಸ್ತ್ರೀಲಿಂಗದಲ್ಲಿ ಕೊನೆಯ ಸ್ವರ ಹೇಗಾಗುತ್ತದೆ ಎಂಬುದನ್ನು ಪಕ್ಕದಲ್ಲಿ ಆವರಣದೊಳಗೆ ಸೂಚಿಸಿರುತ್ತಾರೆ. ಹಾಗಾಗಿ ‘ಅನನ್ಯಾ’ ಎಂದು ಹುಡುಕಿ ಸಿಗದಿದ್ದರೆ ಗಾಬರಿ ಬೇಡ, ‘ಅನನ್ಯ’ದ ಕೆಳಗೆ ನೋಡಿ. ಬೇರೆಯಲ್ಲದ, ಎರಡನೆಯದಿಲ್ಲದ, ಬೇರೆ ಕಡೆ ಮನಸ್ಸು ಹರಿಯದ ಎಂಬ ಅರ್ಥಗಳು ಅಲ್ಲಿವೆ. ಆಪ್‌ಗಳು ಇವುಗಳಲ್ಲಿ ನಡುವಿನದೊಂದನ್ನೇ ಹಿಡಿದು ‘ಅಪೂರ್ವ’ ಎಂದು ಮುಗಿಸುತ್ತವೆ.

ಜಾಲದಲ್ಲಿರುವ ಸಂಸ್ಕೃತ ನಿಘಂಟುಗಳಲ್ಲಿ ಹುಡುಕುಪದವನ್ನು ಹಾರ್ವರ್ಡ್ ಕ್ಯೋಟೋ ಎಂಬ ಪದ್ಧತಿಯಲ್ಲಿ ಟೈಪಿಸಬೇಕಾಗಬಹುದು. ಅದರಲ್ಲಿ ದೀರ್ಘ ಸ್ವರಕ್ಕೆ ದೊಡ್ಡಕ್ಷರ, ಶಕಾರಕ್ಕೆ ಸಣ್ಣ ಝಡ್, ಷಕಾರಕ್ಕೆ ದೊಡ್ಡ ಎಸ್, ಸಕಾರಕ್ಕೆ ಸಣ್ಣ ಎಸ್. ಈಶಾ ಬೇಕಾದರೆ ದೊಡ್ಡ ಐ, ಸಣ್ಣ ಝಡ್, ದೊಡ್ಡ ಎ. ನಡುವಿನ ಅಕ್ಷರ ದೊಡ್ಡ ಎಸ್ ಆಯಿತೋ, ಬರುವುದು ಈಷಾ. ಈಶಾ ಎಂದರೆ ಒಡೆತನ, ಶಕ್ತಿ. ಈಷಾ ಎಂದರೆ ಗಾಡಿಯ ಅಥವಾ ನೇಗಿಲಿನ ಉದ್ದನೆಯ ಮರದ ದಂಡ. ನೇಗಿಲಿನ ಬಗ್ಗೆ ಗೌರವವಿದೆ, ಆದರೆ ಮಗಳಿಗೆ ಆ ಹೆಸರು ಇಡುತ್ತಿದ್ದೇವೆ ಎಂದು ಗೊತ್ತಿದ್ದು ಇಡಬೇಕು.

ಹಾಗಾದರೆ ಇಕಾರ ಹ್ರಸ್ವವಾದ ‘ಇಶಾ’ ತಪ್ಪೇ? ಹಾಗೇನಿಲ್ಲ. ಅರಬ್ಬಿಯಲ್ಲಿ ಇಶಾ ಎಂದರೆ ರಾತ್ರಿಯ ನಮಾಜು. ಇದು ಹ್ರಸ್ವ ಇಕಾರದ ಸ್ವತಂತ್ರ ಪದ, ಈಶಾದ ಅಪಭ್ರಂಶವಲ್ಲ. ಆದ್ದರಿಂದ ಈ ಜೋಡಿಯಲ್ಲಿ ಕೇಳಿಕೊಳ್ಳಬೇಕಾದದ್ದು ಯಾವುದು ಶುದ್ಧ ಎಂದಲ್ಲ, ಯಾವ ಭಾಷೆಯ ಹೆಸರು ಬೇಕು ಎಂದು. ಆಪ್‌ಗಳು ಎರಡಕ್ಕೂ ಒಂದೇ ಮೂಲದ ಚೀಟಿ ಅಂಟಿಸಿದರೆ ಆ ಖಾನೆಯನ್ನು ಓದಲೇಬೇಡಿ.

ಶ್ರುತಿ, ಶೃತಿ ಜೋಡಿಯಲ್ಲಿ ಮಾತ್ರ ನಿಘಂಟಿನ ತೀರ್ಪು ಖಡಾಖಂಡಿತ. ಕೇಳು ಎಂಬ ಅರ್ಥದ ‘ಶ್ರು’ ಧಾತುವಿನಿಂದ ಬಂದದ್ದು ಶ್ರುತಿ. ಶಕಾರಕ್ಕೆ ರಕಾರದ ಒತ್ತು, ಉಕಾರದ ಕೊಂಬು. ಕನ್ನಡದ ನಾಲಿಗೆಯಲ್ಲಿ ಋ ಬಹುಮಟ್ಟಿಗೆ ರು ಆಗಿರುವುದರಿಂದ ಶೃ ಬರೆದರೂ ಶ್ರು ಬರೆದರೂ ಕಿವಿಗೆ ಒಂದೇ, ತಪ್ಪು ಹುಟ್ಟಿದ್ದೂ ಅಲ್ಲಿಯೇ. ಕನ್ನಡದೊಳಗೆ ಇರುವಷ್ಟು ದಿನ ಇದರಿಂದ ನಷ್ಟವಿಲ್ಲ. ಹಿಂದಿಯಲ್ಲಿ ಋ ಎಂದರೆ ರಿ. ಶೃತಿ ಎಂದು ದಾಖಲಾದ ಹುಡುಗಿಯನ್ನು ಅಲ್ಲಿನವರು ಅಕ್ಷರ ನೋಡಿ ಓದಿದರೆ ಶ್ರಿತಿ ಎನ್ನುತ್ತಾರೆ. ಕೃತಿ, ಧೃತಿಗಳಲ್ಲಿ ಇದೇ ಸಮಸ್ಯೆ ತಿರುಗುಮುರುಗಾಗಿ ಬರುತ್ತದೆ: ಅಲ್ಲಿ ಋ ನಿಜವಾಗಿಯೂ ಇದೆ, ಕನ್ನಡಿಗರು ಕ್ರುತಿ ಎನ್ನುತ್ತಾರೆ, ಉತ್ತರದವರು ಕ್ರಿತಿ ಎನ್ನುತ್ತಾರೆ, ಎರಡೂ ಸರಿ. ಇಂಥ ಹೆಸರಿಗೆ ರೋಮನ್ನಿನಲ್ಲಿ ಯು ಹಾಕುತ್ತೀರೋ ಐ ಹಾಕುತ್ತೀರೋ ಎಂಬುದನ್ನು ಮನೆಯಲ್ಲಿ ಹೇಗೆ ಕರೆಯುತ್ತೀರಿ ಎಂಬುದರ ಮೇಲೆ ನಿರ್ಧರಿಸಿ. ಸುತ್ತಲಿನವರು ಆ ಅಕ್ಷರ ನೋಡಿಯೇ ಕೂಗುವುದು.

ಕನ್ನಡದ ಪ್ರತ್ಯಯ ಏನು ಹೇಳುತ್ತದೆ

ಕೊನೆಯ ಅಕ್ಷರ ಹ್ರಸ್ವವೋ ದೀರ್ಘವೋ ಎಂಬ ಗೊಂದಲವೇ ಹೆಚ್ಚಿನ ಜೋಡಿಗಳದ್ದು: ಅನನ್ಯ ಅನನ್ಯಾ, ಸ್ನೇಹ ಸ್ನೇಹಾ, ಚೈತ್ರ ಚೈತ್ರಾ, ಕಾವ್ಯ ಕಾವ್ಯಾ, ಸಿಂಚನ ಸಿಂಚನಾ. ಯಾವ ಆಪ್ ಕೂಡ ಮಾಡದ ಪರೀಕ್ಷೆ ಇದಕ್ಕಿದೆ: ಹೆಸರನ್ನು ವಾಕ್ಯದೊಳಗೆ ಹಾಕಿ, ಪ್ರತ್ಯಯ ಹಚ್ಚಿ.

ಕನ್ನಡದಲ್ಲಿ ಅಕಾರಾಂತ ವ್ಯಕ್ತಿನಾಮ ಎಂದರೆ ಕೈ ತಾನಾಗಿ ಗಂಡಿನ ಪ್ರತ್ಯಯ ಬರೆಯುತ್ತದೆ. ರಾಮ, ರಾಮನ, ರಾಮನಿಗೆ. ಅಕ್ಕ, ಅಮ್ಮ ಹೆಣ್ಣಾದರೂ ಇದೇ ಪ್ರತ್ಯಯ ಹಿಡಿಯುತ್ತವೆ; ಅಕ್ಕನ, ಅಮ್ಮನಿಗೆ ಎಂದೇ ಹೇಳುತ್ತೇವೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಅಪರಿಚಿತರೊಬ್ಬರು ಕಾಗದದ ಮೇಲೆ ‘ಅನನ್ಯ’ ಎಂದಷ್ಟೇ ಕಂಡರೆ ‘ಅನನ್ಯನಿಗೆ ಬಹುಮಾನ’ ಎಂದು ಬರೆಯುವ ಸಾಧ್ಯತೆ ಇದ್ದೇ ಇದೆ. ಗೊತ್ತಿದ್ದವರು ‘ಅನನ್ಯಳಿಗೆ’ ಎನ್ನುತ್ತಾರೆ. ‘ಅನನ್ಯಾ’ ಎಂದಿದ್ದರೆ ‘ಅನನ್ಯಾಳಿಗೆ’, ‘ಅನನ್ಯಾಗೆ’ ಎರಡೇ ದಾರಿ; ‘ಅನನ್ಯಾನಿಗೆ’ ಎಂದು ಬರೆಯಲು ಕೈಯೇ ಏಳುವುದಿಲ್ಲ. ದೀರ್ಘ ಸ್ವರ ಇಲ್ಲಿ ಅಲಂಕಾರಕ್ಕಲ್ಲ, ಲಿಂಗದ ಗುರುತಿಗೆ.

ಸ್ನೇಹದಂಥ ಹೆಸರುಗಳಲ್ಲಿ ಕೆಲಸ ಇನ್ನೂ ಹೆಚ್ಚು. ಸ್ನೇಹ ದಿನಬಳಕೆಯ ಪದ. ‘ಸ್ನೇಹ ಮುರಿಯಿತು’ ಎಂಬುದೂ ‘ಸ್ನೇಹ ಬಂದಳು’ ಎಂಬುದೂ ಕ್ರಿಯಾಪದ ಬರುವ ತನಕ ಒಂದೇ. ‘ಸ್ನೇಹಾ’ ಎಂದ ಕೂಡಲೇ ಅದು ಹುಡುಗಿ ಎಂದು ಮೊದಲ ಪದದಲ್ಲೇ ಗೊತ್ತಾಗುತ್ತದೆ. ಸಂಸ್ಕೃತದಲ್ಲಿ ಸ್ನೇಹ ಶಬ್ದ ಪುಲ್ಲಿಂಗ, ಆದ್ದರಿಂದ ವ್ಯಾಕರಣದ ಪ್ರಕಾರ ‘ಸ್ನೇಹಾ’ ಅಷ್ಟು ಸಾಧುವಲ್ಲ ಎಂದು ವಾದಿಸುವವರಿದ್ದಾರೆ. ವಾದ ಸರಿಯೇ. ಆದರೆ ಹೆಸರು ಬದುಕುವುದು ಕನ್ನಡದ ವಾಕ್ಯದೊಳಗೆ, ಅಲ್ಲಿ ದೀರ್ಘಕ್ಕೆ ಲಾಭವಿದೆ.

ಮೂರನೆಯ ರೂಪವೂ ಒಂದಿದೆ, ಆಪ್‌ಗಳ ಪಟ್ಟಿಯಲ್ಲಿ ಅದು ಕಾಣುವುದು ಅಪರೂಪ. ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗ ಪದ ಕನ್ನಡಕ್ಕೆ ಬಂದಾಗ ಎಕಾರಾಂತ ಆಗುತ್ತದೆ: ಸೀತಾ ಸೀತೆ, ಗಂಗಾ ಗಂಗೆ, ಶಕುಂತಲಾ ಶಕುಂತಲೆ. ಹಳೆಯ ಕಾವ್ಯದ ಹೆಣ್ಣುಮಕ್ಕಳಿಗೆ ಈ ರೂಪ ಚೆನ್ನಾಗಿ ಒಪ್ಪುತ್ತದೆ. ಆದರೆ ಇಂದಿನ ಬಳಕೆ ಎರಡನ್ನೂ ಹಂಚಿಕೊಂಡುಬಿಟ್ಟಿದೆ: ವಸ್ತುವಿಗೆ ಎಕಾರ, ಹುಡುಗಿಗೆ ಆಕಾರ. ಅರ್ಚನೆ ಮಾಡಿಸುತ್ತೇವೆ, ಅರ್ಚನಾ ಶಾಲೆಗೆ ಹೋಗುತ್ತಾಳೆ. ರಚನೆ ವಾಕ್ಯದ್ದು, ರಚನಾ ನಮ್ಮವಳು. ಭಾವನೆ, ಪ್ರಾರ್ಥನೆ, ಪೂಜೆಗಳದ್ದೂ ಇದೇ ಕತೆ. ಪ್ರಜ್ಞಾ ಎಂಬ ಹೆಸರನ್ನು ಪ್ರಜ್ಞೆ ಎಂದು ಕನ್ನಡೀಕರಿಸಲು ಹೊರಟವರು ‘ಪ್ರಜ್ಞೆ ತಪ್ಪಿದಳು’ ಎಂಬ ಮಾತನ್ನು ಜೀವನವಿಡೀ ಕೇಳಲು ತಯಾರಿರಬೇಕು.

ಇಕಾರಾಂತ ಹೆಸರುಗಳಲ್ಲಿ ಈ ತಲೆನೋವು ಇಲ್ಲ. ಸಂಸ್ಕೃತದ ತನ್ವೀ, ಗೌರೀ, ಲಕ್ಷ್ಮೀ ಕನ್ನಡದಲ್ಲಿ ತನ್ವಿ, ಗೌರಿ, ಲಕ್ಷ್ಮಿ. ಪ್ರತ್ಯಯ ಸಲೀಸಾಗಿ ಕೂರುತ್ತದೆ: ತನ್ವಿಗೆ, ತನ್ವಿಯ, ತನ್ವಿಯನ್ನು. ಮೂಲದಂತೆ ದೀರ್ಘ ಉಳಿಸಿ ‘ತನ್ವೀ’ ಎಂದು ಬರೆಸಿದರೆ ತಪ್ಪಲ್ಲ, ಆದರೆ ಬರೆಯುವವರೆಲ್ಲ ಆ ದೀರ್ಘವನ್ನು ಬಿಟ್ಟೇ ಬರೆಯುತ್ತಾರೆ, ತಿದ್ದುವುದು ನಿಮ್ಮ ಪಾಲಿನ ಕೆಲಸ ಆಗುತ್ತದೆ. ತನ್ವಿಗೆ ನಿಘಂಟಿನಲ್ಲಿ ತೆಳುಮೈಯವಳು, ಕೋಮಲೆ ಎಂಬ ಅರ್ಥವಿದೆ. ತಾನ್ವಿ ಎಂದು ಮೊದಲ ಅಕ್ಷರ ಎಳೆದರೆ ಆ ಅರ್ಥ ಉಳಿಯುವುದಿಲ್ಲ.

ಇಲ್ಲಿ ಒಂದು ತಮಾಷೆ. ಕೊನೆಯ ಸ್ವರ ಹ್ರಸ್ವವೋ ದೀರ್ಘವೋ ಎಂದು ತಿಂಗಳುಗಟ್ಟಲೆ ಚರ್ಚಿಸಿದರೂ, ಕರೆಯುವಾಗ ಆ ವ್ಯತ್ಯಾಸ ಇರುವುದೇ ಇಲ್ಲ. ದೂರದಿಂದ ಕೂಗಿದಾಗ ಕೊನೆಯ ಸ್ವರ ತಾನಾಗಿ ಎಳೆಯುತ್ತದೆ, ವ್ಯಾಕರಣದವರು ಅದಕ್ಕೆ ಪ್ಲುತ ಎಂದು ಹೆಸರಿಟ್ಟು ಮೂರು ಮಾತ್ರೆಯ ಲೆಕ್ಕ ಕೊಟ್ಟಿದ್ದಾರೆ. ಅನನ್ಯ ಎಂದು ಬರೆಸಿದರೂ ಕೂಗುವುದು ‘ಅನನ್ಯಾಽ’, ತನ್ವಿ ಎಂದಿದ್ದರೂ ‘ತನ್ವೀಽ’. ಮುದ್ದಿಗೆ ಅನು ಎಂದು ಮೊಟಕು ಮಾಡಿದರಂತೂ ಎರಡೂ ಒಂದೇ. ಅಂದರೆ ಕೊನೆಯ ಸ್ವರದ ಜಗಳ ಪೂರ್ತಿಯಾಗಿ ಕಾಗದದ ಜಗಳ, ಮನೆಯೊಳಗೆ ಅದಕ್ಕೆ ಜಾಗವಿಲ್ಲ. ಕಾಗದದ ಜಗಳವನ್ನು ಕಾಗದದ ಅನುಕೂಲ ನೋಡಿ ತೀರಿಸಿದರೆ ಸಾಕು.

ಛಂದಸ್ಸಿನ ಹುಚ್ಚಿದ್ದವರಿಗೆ ಇನ್ನೊಂದು ಸಣ್ಣ ವ್ಯತ್ಯಾಸ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದರಿಂದ ಅನನ್ಯ ಎಂಬುದು ಲಘು ಗುರು ಲಘು, ನಾಲ್ಕು ಮಾತ್ರೆಯ ಜಗಣ. ಅನನ್ಯಾ ಎಂಬುದು ಲಘು ಗುರು ಗುರು, ಐದು ಮಾತ್ರೆಯ ಯಗಣ. ಜೋಗುಳಕ್ಕೆ ಹೆಸರು ಸೇರಿಸಿ ಹಾಡುವವರಿಗೆ ಈ ಒಂದು ಮಾತ್ರೆ ಗೊತ್ತಾಗುತ್ತದೆ.

ಸಂಖ್ಯಾಶಾಸ್ತ್ರದ ಪುಟಗಳು

ಸೊನ್ನೆ ಯಾಕೆ ಎಂದು ಕೇಳಬಹುದು. ನಂಬಿಕೆಯ ಮಾತು ಪಕ್ಕಕ್ಕಿರಲಿ, ಲೆಕ್ಕವನ್ನಷ್ಟೇ ನೋಡೋಣ. ಈ ಪುಟಗಳು ಬಳಸುವ ಪದ್ಧತಿ ಮುಖ್ಯವಾಗಿ ಎರಡು. ಪೈಥಾಗೊರಸ್ ಹೆಸರಿನದರಲ್ಲಿ ರೋಮನ್ ಅಕ್ಷರಗಳಿಗೆ ಸಾಲಾಗಿ 1ರಿಂದ 9. ಖಾಲ್ಡಿಯನ್ ಎಂಬುದರಲ್ಲಿ 1ರಿಂದ 8 ಮಾತ್ರ, ಕ್ರಮವೂ ಬೇರೆ. ಕೊನೆಗೆ ಒಂದೇ ಎ ಇರುವ ಅನನ್ಯಕ್ಕೆ ಮೊದಲನೆಯದು ಕೊಡುವ ಮೊತ್ತ 20, ಕೂಡಿಸಿದರೆ 2. ಎರಡನೆಯದು ಕೊಡುವುದು 14, ಕೂಡಿಸಿದರೆ 5. ಕೊನೆಗೆ ಇನ್ನೊಂದು ಎ ಸೇರಿಸಿದರೆ 3 ಮತ್ತು 6. ಒಂದೇ ಹೆಸರಿಗೆ ನಾಲ್ಕು ಉತ್ತರ, ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಅದಕ್ಕಿಂತ ಮುಖ್ಯವಾದ ಕೊರತೆ ಬೇರೆ: ಈ ಲೆಕ್ಕ ಕನ್ನಡದ ಹೆಸರನ್ನು ಮುಟ್ಟುವುದೇ ಇಲ್ಲ. ಅದು ಎಣಿಸುವುದು ಇಂಗ್ಲಿಷ್ ಕಾಗುಣಿತವನ್ನು. ಅನನ್ಯ, ಅನನ್ಯಾ ಎರಡನ್ನೂ ಒಂದೇ ರೀತಿ ರೋಮನ್ನಿನಲ್ಲಿ ಬರೆದರೆ ಅಂಕಿಯೂ ಒಂದೇ. ನೀವು ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡುತ್ತಲೇ ಇಲ್ಲ.

ಇದರಿಂದಾಗುವ ನಿಜವಾದ ತೊಂದರೆ ಎಂದರೆ ಅಂಕಿಗೋಸ್ಕರ ಸೇರಿಸಿದ ಹೆಚ್ಚುವರಿ ಅಕ್ಷರ. ಕೊನೆಯ ಎರಡನೇ ಎ, ನಡುವಿನ ಎರಡನೇ ಎನ್, ಉಚ್ಚಾರವಿಲ್ಲದ ಎಚ್. ಕೇಳಿ ಬರೆದುಕೊಳ್ಳುವ ಯಾರೂ ಅದನ್ನು ಊಹಿಸಲಾರರು. ಒಂದು ದಾಖಲೆಯಲ್ಲಿ ಅಕ್ಷರ ಇದ್ದು ಇನ್ನೊಂದರಲ್ಲಿ ಬಿಟ್ಟುಹೋದರೆ, ಅಕ್ಷರಕ್ಕೆ ಅಕ್ಷರ ಹೋಲಿಸುವ ಕಂಪ್ಯೂಟರಿನ ಕಣ್ಣಿಗೆ ಅವರು ಇಬ್ಬರು ವ್ಯಕ್ತಿಗಳು. ಕನ್ನಡದಲ್ಲಿ ದೀರ್ಘ, ರೋಮನ್ನಿನಲ್ಲಿ ಕೊನೆಗೆ ಒಂದೇ ಎ: ಈ ಜೋಡಣೆಯಲ್ಲಿ ಕಾಗದಪತ್ರದ ಕಿರಿಕಿರಿ ಕಡಿಮೆ.

ಹೆಸರು ಹೋಲಿಸುವ ತಂತ್ರಾಂಶದ ಬಗ್ಗೆಯೂ ಒಂದು ಮಾತು, ಯಾಕೆಂದರೆ ಮೊದಲಕ್ಷರದ ವ್ಯತ್ಯಾಸ ಕೊನೆಯಕ್ಷರದ್ದಕ್ಕಿಂತ ಯಾಕೆ ದುಬಾರಿ ಎಂಬುದು ಅಲ್ಲಿ ಕಾಣುತ್ತದೆ. 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ಎಂಬ ಹಳೆಯ ವಿಧಾನ, ಇಂದಿಗೂ ಅನೇಕ ಡೇಟಾಬೇಸ್‌ಗಳಲ್ಲಿ ಇದೆ. ಅದು ಮೊದಲ ಅಕ್ಷರವನ್ನು ಹಾಗೇ ಇಟ್ಟುಕೊಂಡು, ಸ್ವರಗಳನ್ನೂ ಎಚ್, ಡಬ್ಲ್ಯು, ವೈಗಳನ್ನೂ ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತದೆ; ಸಂಕೇತ ಒಂದೇ ಬಂದರೆ ಹೆಸರೂ ಒಂದೇ ಇರಬಹುದು ಎಂದು ಎಣಿಸುತ್ತದೆ. ಸೋಫಿಯಾಳನ್ನು ಎಫ್ ಹಾಕಿ ಬರೆದರೂ ಪಿಎಚ್ ಹಾಕಿ ಬರೆದರೂ ಸಿಗುವುದು ಎಸ್ 100. ಶ್ರುತಿಯ ಕೊನೆಗೆ ಟಿ ಇರಲಿ ಟಿಎಚ್ ಇರಲಿ, ಎಸ್ 630. ಅನನ್ಯಳ ಕೊನೆಯ ಎ ಒಂದಿರಲಿ ಎರಡಿರಲಿ, ಎ 550. ಆದರೆ ಈಶಾಳನ್ನು ಐ ಅಕ್ಷರದಿಂದ ಶುರು ಮಾಡಿದರೆ ಐ 200, ಎರಡು ಇ ಹಾಕಿದರೆ ಇ 200. ಇವೆರಡು ಎಂದಿಗೂ ಕೂಡುವುದಿಲ್ಲ. ಕ್ಯಾಥರೀನ್ ಸಿ ಇಂದಲೋ ಕೆ ಇಂದಲೋ ಎಂಬುದೂ ಇದೇ ಬಗೆ. ಕನ್ನಡದ ಅಕಾರಾದಿಯಲ್ಲಿ ಇ ಮತ್ತು ಈ ಅಕ್ಕಪಕ್ಕದ ಮನೆಯವರು. ರೋಮನ್ ಪಟ್ಟಿಯಲ್ಲಿ ಇ ಐದನೆಯದು, ಐ ಒಂಬತ್ತನೆಯದು. ಮೊದಲಕ್ಷರದಲ್ಲಿ ಗೊಂದಲವಿರುವ ಜೋಡಿಯಾದರೆ ರೋಮನ್ ರೂಪವನ್ನು ಹೆಸರಿಗಿಂತ ಮೊದಲೇ ನಿಗದಿ ಮಾಡಿಕೊಳ್ಳಿ.

ಜನಪ್ರಿಯತೆಯ ಪಟ್ಟಿಗಳು

ಹೆಸರು ತೀರಾ ಸಾಮಾನ್ಯವಾಗಬಾರದು ಎನ್ನುವವರು ನೋಡುವ ಸೇವೆ ಇದು. ಇವುಗಳಲ್ಲಿ ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಆಡಳಿತದ ಪಟ್ಟಿ ಹೆಸರಾದದ್ದು, 1880ರಿಂದ ಈಚಿನ ಲೆಕ್ಕ ಅಲ್ಲಿದೆ. ಅದು ಒಂದೊಂದು ಕಾಗುಣಿತವನ್ನೂ ಬೇರೆ ಹೆಸರಾಗಿ ಎಣಿಸುತ್ತದೆ, ಐದಕ್ಕಿಂತ ಕಡಿಮೆ ಮಕ್ಕಳಿಗಿಟ್ಟ ಹೆಸರನ್ನು ತೋರಿಸುವುದಿಲ್ಲ. 2011ರಿಂದ 2013ರವರೆಗೆ ಅಲ್ಲಿ ಹೆಣ್ಣುಮಕ್ಕಳ ಮೊದಲ ಸ್ಥಾನದಲ್ಲಿದ್ದದ್ದು ಪಿಎಚ್ ಇರುವ ಸೋಫಿಯಾ. ಎಫ್ ಇರುವವಳು ಬೇರೆ ಸಾಲಿನಲ್ಲಿ. ಆ ಪಟ್ಟಿ ನೋಡಿ ‘ಎಫ್ ರೂಪ ಅಷ್ಟು ಸಾಮಾನ್ಯವಲ್ಲ’ ಎಂದು ಸಮಾಧಾನಪಟ್ಟುಕೊಂಡರೆ ಮೋಸ, ಯಾಕೆಂದರೆ ತರಗತಿಯಲ್ಲಿ ಕೂಗಿದಾಗ ಎರಡೂ ಸಾಲಿನ ಸೋಫಿಯಾಗಳೂ ತಿರುಗಿ ನೋಡುತ್ತವೆ. ಉಚ್ಚಾರ ಒಂದೇ ಇರುವ ಎಲ್ಲ ಕಾಗುಣಿತಗಳ ಲೆಕ್ಕವನ್ನೂ ನೀವೇ ಕೂಡಿಸಿಕೊಂಡು ನೋಡಬೇಕು.

ಕನ್ನಡದಲ್ಲಿ ಬರೆದರೆ ಇಬ್ಬರೂ ಸೋಫಿಯಾ ಎಂಬುದನ್ನು ಗಮನಿಸಿ. ಅನನ್ಯ ಅನನ್ಯಾಗಳ ವ್ಯತ್ಯಾಸ ಕನ್ನಡದಲ್ಲಿ ಉಂಟು, ರೋಮನ್ನಿನಲ್ಲಿ ಅಳಿಸಿಹೋಗುತ್ತದೆ. ಸೋಫಿಯಾದ್ದು ರೋಮನ್ನಿನಲ್ಲಿ ಉಂಟು, ಕನ್ನಡದಲ್ಲಿ ಇಲ್ಲ. ನಿಮ್ಮ ಜೋಡಿಯ ವ್ಯತ್ಯಾಸ ಯಾವ ಲಿಪಿಯಲ್ಲಿ ಬದುಕುತ್ತದೆ ಎಂಬುದನ್ನು ಮೊದಲು ಹುಡುಕಿ, ಆ ಲಿಪಿಯಲ್ಲಷ್ಟೇ ಚರ್ಚೆ ಮಾಡಿದರೆ ಅರ್ಧ ಜಗಳ ತಪ್ಪುತ್ತದೆ.

ಫೋನಿನಲ್ಲಿ ಈಗಾಗಲೇ ಇರುವ ಸೇವೆಗಳು

ಚಂದಾ ಕೊಡುವ ಆಪ್‌ಗಿಂತ ಉಪಯೋಗಕ್ಕೆ ಬರುವುದು ಫೋನಿನ ಜೊತೆಗೇ ಬಂದವು. ಮಾತನ್ನು ಬರಹ ಮಾಡುವ ಮೈಕ್ ಗುಂಡಿ ಒತ್ತಿ ಹೆಸರನ್ನು ಸಹಜವಾಗಿ ಹೇಳಿ, ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಸೆಟ್ಟಿಂಗಿನಲ್ಲಿ ಒಮ್ಮೆ. ಅದು ಬರೆಯುವುದು ಸರಿಯಾದ ರೂಪವನ್ನಲ್ಲ, ಹೆಚ್ಚು ಬಳಕೆಯಲ್ಲಿರುವ ರೂಪವನ್ನು. ಆದರೆ ಬೇಕಾದದ್ದು ಅದೇ: ಮುಂದೆ ಜನ ತಾವಾಗಿ ಬರೆಯುವ ರೂಪ ಯಾವುದು ಎಂಬ ಮುನ್ಸೂಚನೆ. ನೀವು ಆರಿಸಿದ್ದು ಅದಲ್ಲವಾದರೆ, ತಿದ್ದುವ ಕೆಲಸ ಎಷ್ಟಿರುತ್ತದೆ ಎಂದು ಅಂದಾಜು ಸಿಗುತ್ತದೆ. ಬರಹವನ್ನು ಓದಿ ಹೇಳುವ ಧ್ವನಿಯನ್ನೂ ಕೇಳಿ. ಇಂಗ್ಲಿಷ್ ಧ್ವನಿಗೆ ರೋಮನ್ ರೂಪ ಕೊಟ್ಟರೆ ಕನ್ನಡ ಗೊತ್ತಿಲ್ಲದವರ ಬಾಯಲ್ಲಿ ಮಗಳ ಹೆಸರು ಏನಾಗುತ್ತದೆ ಎಂದು ಗೊತ್ತಾಗುತ್ತದೆ. ದಕ್ಷಿಣದವರು ತಕಾರಕ್ಕೆ ಟಿಎಚ್ ಬರೆಯುವ ರೂಢಿ ಈ ಪರೀಕ್ಷೆಯಲ್ಲಿ ಹೆಚ್ಚಾಗಿ ಎಡವುತ್ತದೆ. ಶ್ರುತಿಗೆ ಟಿಎಚ್ ಹಾಕಿದರೆ ಉತ್ತರದವರು ಥಕಾರ ಓದಬಹುದು, ಟಿ ಮಾತ್ರ ಹಾಕಿದರೆ ಹೊರಗಿನವರು ಟಕಾರ ಓದಬಹುದು. ಎರಡಕ್ಕೂ ಪೂರ್ತಿ ಪರಿಹಾರವಿಲ್ಲ, ಮಗಳು ಹೆಚ್ಚು ಕಾಲ ಯಾರ ನಡುವೆ ಇರುತ್ತಾಳೋ ಅವರ ರೂಢಿ ಹಿಡಿಯಿರಿ.

ಫೋನ್ ಕರೆಯ ಪರೀಕ್ಷೆ ತಪ್ಪಿಸಬೇಡಿ. ಹಳೆಯ ಮಾದರಿಯ ಕರೆಯಲ್ಲಿ ದಾಟುವುದು ಸುಮಾರು 300ರಿಂದ 3400 ಹರ್ಟ್ಜ್ ನಡುವಿನ ಧ್ವನಿ ಮಾತ್ರ. ಸಕಾರದ ಹಿಸ್ಸೆನ್ನುವ ಸದ್ದು ಬಹುಪಾಲು ಅದಕ್ಕಿಂತ ಮೇಲೆ ಇರುವುದರಿಂದ ಕತ್ತರಿಸಿಹೋಗುತ್ತದೆ. ಸ ಮತ್ತು ಶ, ಎಸ್ ಮತ್ತು ಎಫ್ ಅದಲುಬದಲಾಗುವುದು ಕೇಳುವವರ ಕಿವಿಯ ದೋಷವಲ್ಲ. ಸಾನ್ವಿ ಶಾನ್ವಿ ನಡುವೆ ತೂಗುತ್ತಿದ್ದರೆ, ಹೆಸರು ಮೊದಲೇ ಗೊತ್ತಿಲ್ಲದ ಐದು ಜನರಿಗೆ ಕರೆ ಮಾಡಿ, ಒಂದೇ ಸಲ ಹೇಳಿ, ಬರೆದದ್ದನ್ನು ಕಳುಹಿಸಲು ಕೇಳಿ. ಎಫ್ ಇರುವ ಸೋಫಿಯಾಗೆ ಅಕ್ಷರ ಬಿಡಿಸಿ ಹೇಳುವಾಗ ಎಸ್, ಎಫ್ ಎರಡೂ ಬರುತ್ತವೆ. ಪಿಎಚ್ ಒಂದಕ್ಷರ ಉದ್ದವಾದರೂ ಫೋನಿನಲ್ಲಿ ತಪ್ಪುವುದು ಕಡಿಮೆ.

ಇನ್ನೊಂದು ಪರೀಕ್ಷೆ ಹೋಗಿಬರುವ ದಾರಿಯದ್ದು. ಕನ್ನಡ ರೂಪವನ್ನು ಒಬ್ಬರಿಗೆ ಕೊಟ್ಟು ಇಂಗ್ಲಿಷಿನಲ್ಲಿ ಬರೆಸಿ. ಅವರು ಬರೆದದ್ದನ್ನು ಮಾತ್ರ ಇನ್ನೊಬ್ಬರಿಗೆ ಕೊಟ್ಟು ಕನ್ನಡಕ್ಕೆ ತರಿಸಿ. ಹೊರಟ ರೂಪದಲ್ಲೇ ವಾಪಸು ಬಂದರೆ ಆ ರೂಪ ಗಟ್ಟಿ. ಶ್ರುತಿ ಹೋಗಿ ಶೃತಿಯಾಗಿ ಬಂದರೆ ಆಶ್ಚರ್ಯ ಬೇಡ. ನಿಶಾ ಹೋಗಿ ನಿಷಾ ಆಗುವುದೂ, ಉಷಾ ಹೋಗಿ ಉಶಾ ಆಗುವುದೂ ಹೀಗೆಯೇ.

ಕೀಬೋರ್ಡಿನಲ್ಲಿ ಒಂದು ಕಣ್ಣಿಗೆ ಬೀಳದ ತೊಡಕು ಇದೆ. ನುಡಿ ಮಾದರಿಯ ವಿನ್ಯಾಸದಲ್ಲಿ ದೀರ್ಘಕ್ಕೆ ಶಿಫ್ಟ್ ಒತ್ತಬೇಕು. ಅನನ್ಯಾ ಎಂಬುದರ ದೀರ್ಘ ಬಿಟ್ಟುಹೋಗುವುದು ಹೆಚ್ಚಾಗಿ ಅಲ್ಲಿ. ಯೂನಿಕೋಡಿನಲ್ಲಿ ಅನನ್ಯ ಐದು ಸಂಕೇತ, ಅನನ್ಯಾ ಆರು, ಯಂತ್ರ ಇವನ್ನು ಬೇರೆಯೆಂದೇ ತಿಳಿಯುತ್ತದೆ. ಐಶ್ವರ್ಯಾ, ಸೌಂದರ್ಯಾ, ಮಾಧುರ್ಯಾದಂಥ ಹೆಸರಿನಲ್ಲಿ ಅರ್ಕಾವತ್ತನ್ನು ತಪ್ಪಿಸಿ ರಕಾರವನ್ನು ಮುಂದೆ ತರಲು ಕೆಲವರು ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೊಂದನ್ನು (ಝೀರೋ ವಿಡ್ತ್ ಜಾಯ್ನರ್) ಸೇರಿಸುತ್ತಾರೆ. ಅಚ್ಚಿನಲ್ಲಿ ಚೆನ್ನಾಗಿ ಕಾಣಬಹುದು, ಆದರೆ ಹುಡುಕಿದರೆ ಸಿಗದೇ ಹೋಗಬಹುದು. ದಾಖಲೆಗೆ ಟೈಪಿಸುವಾಗ ಸಾದಾ ಅರ್ಕಾವತ್ತೇ ಇರಲಿ, ಎಲ್ಲಿಂದಲೋ ನಕಲು ಮಾಡಿ ಅಂಟಿಸಬೇಡಿ.

ಪಾಸ್‌ಪೋರ್ಟಿನ ಕೆಳಗಿನ ಯಂತ್ರ ಓದುವ ಪಟ್ಟಿ ಇವೆಲ್ಲಕ್ಕಿಂತ ನಿರ್ದಯಿ ಓದುಗ. ತಲಾ 44 ಅಕ್ಷರದ ಎರಡು ಸಾಲು, ಮೇಲಿನ ಸಾಲಿನಲ್ಲಿ ಹೆಸರಿಗೆ 39 ಜಾಗ, ರೋಮನ್ ದೊಡ್ಡಕ್ಷರಗಳು ಮಾತ್ರ. ಅಪಾಸ್ಟ್ರಫಿ ಅಲ್ಲಿ ಮಾಯ, ಹೈಫನ್ ಇದ್ದ ಕಡೆ ಖಾಲಿ ಜಾಗ ತುಂಬುವ ‘<’ ಚಿಹ್ನೆ. ಎರಡು ರೂಪದ ನಡುವಿನ ವ್ಯತ್ಯಾಸ ಅಪಾಸ್ಟ್ರಫಿಯೊಂದೇ ಆಗಿದ್ದರೆ ಯಂತ್ರದ ಪಾಲಿಗೆ ಆ ವ್ಯತ್ಯಾಸವೇ ಇಲ್ಲ, ಅದಕ್ಕಾಗಿ ಜಗಳ ಆಡಬೇಕಾಗಿಲ್ಲ.

ಇಷ್ಟಾದ ಮೇಲೂ ಆಪ್ ಬೇಕೆನಿಸಿದರೆ ಹತ್ತಕ್ಕಿಳಿಯುವ ತನಕ ಬಳಸಿ, ಆಮೇಲೆ ತೆಗೆದುಹಾಕಿ. ಹೆರಿಗೆಯ ದಿನಾಂಕ, ಫೋನಿನ ಸಂಪರ್ಕ ಪಟ್ಟಿ ಕೇಳದೆ ಮುಂದೆ ಹೋಗಲು ಬಿಡದ ಆಪ್ ಆದರೆ ಅದೂ ಬೇಡ. ಹೆಸರು ತೋರಿಸಲು ಅವೆರಡರ ಅಗತ್ಯವಿಲ್ಲ. ಉಚಿತ ಅವಧಿ ಎಂದು ಒಳಗೆ ಬಿಟ್ಟುಕೊಂಡು ಆಮೇಲೆ ತಾನಾಗಿ ಚಂದಾ ಹಣ ಕಡಿತ ಮಾಡಿಕೊಳ್ಳುವ ಆಪ್‌ಗಳಲ್ಲಿ ಇನ್ನೊಂದು ಎಚ್ಚರ: ಫೋನಿನಿಂದ ಆಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲ. ಆಪ್ ಅಂಗಡಿಯ ಚಂದಾ ಪುಟಕ್ಕೆ ಹೋಗಿ ಅಲ್ಲಿ ಬೇರೆಯಾಗಿ ರದ್ದು ಮಾಡಬೇಕು, ಅದೂ ಉಚಿತ ಅವಧಿ ಮುಗಿಯಲು ಕನಿಷ್ಠ ಒಂದು ದಿನ ಇರುವಾಗಲೇ.